ದಾರಂದದ ಮೇಲೆ ಕತ್ತರಿ ಹಾಕಿದ ಎರಡು ಕತ್ತಿ: ಇದಕ್ಕೆ ಏನರ್ಥ?

ತುಂಗೆ ದಂಡೆಯವನು:

ಎಲ್ಲರಿಗೂ ನಮಸ್ಕಾರ. ತೀರ್ಥಹಳ್ಳಿ ಹತ್ತಿರ ನಮ್ಮ ಅಜ್ಜನ ಮನೆ ಇದೆ. ಈ ಸಲದ ಮಳೆಗೆ ಮುಂದಿನ ಗೋಡೆ ಕುಸಿಯಿತು. ಈಗ ಬಿಚ್ಚಿ ಕಟ್ಟಿಸುತ್ತಿದ್ದೇವೆ. ಹೆಬ್ಬಾಗಿಲ ದಾರಂದದ ಮೇಲುಪಟ್ಟಿಯಲ್ಲಿ ಎರಡು ಕತ್ತಿಗಳ ಕೆತ್ತನೆ ಇದೆ. ಕತ್ತರಿಯ ಹಾಗೆ ಒಂದರ ಮೇಲೊಂದು ಹಾಯ್ದಿವೆ. ಅದರ ಮೇಲೆ ಆ ಕಡೆ ಈ ಕಡೆ ಸೂರ್ಯ ಚಂದ್ರ. ಹೊಗೆ, ಎಣ್ಣೆ ಹತ್ತಿ ಎಲ್ಲ ಕಪ್ಪಾಗಿದೆ. ಚಿಕ್ಕಂದಿನಿಂದ ಅದರ ಕೆಳಗೇ ಓಡಾಡಿದ್ದೇನೆ. ಒಂದು ದಿನವೂ ತಲೆ ಎತ್ತಿ ಸರಿಯಾಗಿ ನೋಡಿರಲಿಲ್ಲ.

ಈಗ ಮನೆಯಲ್ಲಿ ಎರಡು ಮಾತಾಗಿದೆ. ಕತ್ತಿಗೆ ಕತ್ತಿ ತಾಗಿಸಿಟ್ಟರೆ ಮನೆಯಲ್ಲಿ ಜಗಳ ತಪ್ಪುವುದಿಲ್ಲ, ಹೊಸ ಮರ ಹಾಕಿಸಿ ಅನ್ನುತ್ತಾರೆ ದೊಡ್ಡಪ್ಪ. ನಮ್ಮ ಹಿರಿಯರು ಕೆಳದಿ ಅರಸರ ದಂಡಿನಲ್ಲಿದ್ದರು, ಅದು ಆ ಕಾಲದ ಗುರುತು, ಮುಟ್ಟಬೇಡಿ ಅನ್ನುತ್ತಾರೆ ಚಿಕ್ಕಪ್ಪ. ಇಂಟರ್ನೆಟ್‌ನಲ್ಲಿ ಹುಡುಕಿದೆ. ತುದಿ ಮೇಲಿದ್ದರೆ ಯುದ್ಧ, ಕೆಳಗಿದ್ದರೆ ಶಾಂತಿ ಅಂತ ಒಂದು ಕಡೆ ಬರೆದಿದ್ದಾರೆ. ಇನ್ನೊಂದು ಕಡೆ ಅದರ ಉಲ್ಟಾ ಇದೆ. ನಮ್ಮ ಸೀಮೆಯಲ್ಲಿ ಇದನ್ನು ಹೇಗೆ ನೋಡುತ್ತಿದ್ದರು? ತಿಳಿದವರು ಹೇಳಿ. ಆಚಾರಿ ಕಾಯುತ್ತಿದ್ದಾರೆ.

ಶಿಕಾರಿಪುರದ ಮೇಷ್ಟ್ರು:

ಮೊದಲಿಗೆ, ಮರ ತೆಗೆದು ಒಲೆಗೆ ಹಾಕಬೇಡಿ. ಅಷ್ಟು ಆದ ಮೇಲೆ ಉಳಿದ ಮಾತು.

ಕತ್ತಿಗೆ ಇದೇ ಅರ್ಥ ಅಂತ ನಿಘಂಟಿನ ಹಾಗೆ ಹೇಳಲು ಬರುವುದಿಲ್ಲ. ಅದು ಎಲ್ಲಿದೆ, ಪಕ್ಕದಲ್ಲಿ ಏನಿದೆ ಅಂತ ನೋಡಬೇಕು. ಪಾಠ ಮಾಡುತ್ತಿದ್ದ ಕಾಲದಲ್ಲಿ ರಜೆ ಸಿಕ್ಕಾಗೆಲ್ಲ ಸೊರಬ, ಸಾಗರ, ಶಿಕಾರಿಪುರದ ಹಳ್ಳಿಗಳಲ್ಲಿ ಕಲ್ಲು ನೋಡಿಕೊಂಡು ತಿರುಗಿದವನು ನಾನು. ಆ ಕಲ್ಲುಗಳು ಕಲಿಸಿದ್ದು ಇದನ್ನೇ.

ವೀರಗಲ್ಲನ್ನೇ ತಗೊಳ್ಳಿ. ಅದನ್ನು ಕೆಳಗಿನಿಂದ ಮೇಲಕ್ಕೆ ಓದಬೇಕು. ಕೆಳಗಿನ ಅಂಕಣದಲ್ಲಿ ಜಗಳ. ವೀರ ಕತ್ತಿ ಎತ್ತಿದ್ದಾನೆ, ಇಲ್ಲವೇ ಬಿಲ್ಲು ಎಳೆದಿದ್ದಾನೆ. ಕಾಲ ಬಳಿ ದನಗಳಿದ್ದರೆ ಅದು ತುರುಗೋಳು. ಅಂದರೆ ಊರ ದನ ಹೊಡೆದುಕೊಂಡು ಹೋಗುವವರನ್ನು ತಡೆಯಲು ಹೋಗಿ ಸತ್ತವನು. ಹುಲಿ ಇದ್ದರೆ, ಹಂದಿ ಇದ್ದರೆ, ಅದು ಬೇರೆ ಕಥೆ. ನಡುವಿನ ಅಂಕಣದಲ್ಲಿ ಅಪ್ಸರೆಯರು ಅವನನ್ನು ತೋಳು ಹಿಡಿದು ಮೇಲಕ್ಕೆ ಕರೆದುಕೊಂಡು ಹೋಗುತ್ತಾರೆ. ಮೇಲಿನ ಅಂಕಣದಲ್ಲಿ ಶಿವಲಿಂಗ, ಪಕ್ಕದಲ್ಲಿ ಪೂಜಾರಿ, ಎದುರಿಗೆ ಕೈ ಮುಗಿದು ಕೂತ ವೀರ. ಸತ್ತವನು ಜೈನನಾಗಿದ್ದರೆ ಲಿಂಗದ ಜಾಗದಲ್ಲಿ ಜಿನ. ಎಲ್ಲಕ್ಕಿಂತ ಮೇಲೆ ಸೂರ್ಯ ಚಂದ್ರ.

ಈಗ ಅವನ ಕೈ ನೋಡಿ. ಕೆಳಗೆ ಕೈಯಲ್ಲಿ ಕತ್ತಿ. ಮೇಲೆ ಹೋದಾಗ ಕತ್ತಿ ಇಲ್ಲ. ಕಲ್ಲು ಕೆತ್ತಿದವನು ಹೇಳಬೇಕಾದ್ದನ್ನೆಲ್ಲ ಆ ಎರಡು ಕೈಗಳಲ್ಲೇ ಹೇಳಿಬಿಟ್ಟಿದ್ದಾನೆ. ಮೊದಲ ಸಲ ಇದು ಕಣ್ಣಿಗೆ ಬಿದ್ದ ದಿನ ಆ ಕಲ್ಲಿನ ಮುಂದೆ ತುಂಬ ಹೊತ್ತು ಕೂತಿದ್ದೆ.

ದಾನದ ಕಲ್ಲುಗಳಲ್ಲೂ ಕತ್ತಿ ಬರುತ್ತದೆ. ಅಲ್ಲಿ ಅದರ ಜೊತೆಗೆ ಕರುವಿಗೆ ಹಾಲೂಡುವ ಹಸು ಇರುತ್ತದೆ, ಲಿಂಗ ಇರುತ್ತದೆ, ಸೂರ್ಯ ಚಂದ್ರರಿರುತ್ತಾರೆ. ಅಲ್ಲಿ ಯಾರೂ ಯಾರನ್ನೂ ಕೊಲ್ಲುತ್ತಿಲ್ಲ. ನಾನು ಅದನ್ನು ಓದುವುದು ಹೀಗೆ: ಈ ಭೂಮಿ ಹಸುವಿನ ಹಾಗೆ ಹಾಲು ಕೊಡಲಿ, ಅರಸನ ಕತ್ತಿ ಇದನ್ನು ಕಾಯಲಿ, ಸೂರ್ಯ ಚಂದ್ರ ಇರುವ ತನಕ ದಾನ ನಡೆಯಲಿ. ಶಾಸನಗಳಲ್ಲಿ ಬರುವ ಆಚಂದ್ರಾರ್ಕ ಅನ್ನುವ ಮಾತಿನ ಚಿತ್ರವೇ ಆ ಸೂರ್ಯ ಚಂದ್ರ. ಅಕ್ಷರ ಬಾರದವನಿಗೂ ಅದು ತಿಳಿಯುತ್ತಿತ್ತು. ಗಡಿಕಲ್ಲುಗಳೂ ಹಾಗೇ. ಲಿಂಗ ಇದ್ದರೆ ಶಿವನ ಗುಡಿಯ ಭೂಮಿ. ಕೊಡೆ, ಕಮಂಡಲ ಹಿಡಿದ ವಾಮನ ಇದ್ದರೆ ಬ್ರಾಹ್ಮಣರಿಗೆ ಬಿಟ್ಟದ್ದು. ಮುಕ್ಕೊಡೆ, ಅಂದರೆ ಜಿನನ ತಲೆಯ ಮೇಲಿರುವ ಮೂರು ಕೊಡೆ, ಇದ್ದರೆ ಬಸದಿಗೆ ಸೇರಿದ್ದು. ಹೊಂಬುಜದ ಕಡೆಯವರಿಗೆ ಮುಕ್ಕೊಡೆಯನ್ನು ಬಿಡಿಸಿ ಹೇಳಬೇಕಾಗಿಲ್ಲ.

ಕತ್ತಿ ಕೈಗೆ ಬಂದದ್ದೇ ಒಂದು ರಾಜ್ಯದ ಹುಟ್ಟಾದ ಕಥೆಯೂ ನಮ್ಮ ತಾಲ್ಲೂಕಿನಲ್ಲೇ ಇದೆ. ತಾಳಗುಂದದ ಕಂಬದ ಶಾಸನ 5ನೇ ಶತಮಾನದ್ದು. ಮಯೂರಶರ್ಮ ಓದಲು ಕಂಚಿಗೆ ಹೋಗುತ್ತಾನೆ. ಅಲ್ಲಿ ಪಲ್ಲವರ ಕುದುರೆ ಸವಾರನ ಜೊತೆ ಜಗಳವಾಗುತ್ತದೆ. ದರ್ಭೆ, ಸಮಿತ್ತು, ತುಪ್ಪದ ಸೌಟು ಹಿಡಿದು ಪಳಗಿದ ಕೈಯಲ್ಲಿ ಕತ್ತಿ ಹಿಡಿದ ಅನ್ನುತ್ತದೆ ಶಾಸನ. ಕದಂಬರ ಕಥೆ ಶುರುವಾಗುವುದು ಅಲ್ಲಿಂದ.

ನಿಮ್ಮ ಪ್ರಶ್ನೆಗೆ ಬರುತ್ತೇನೆ. ನಾನು ನೋಡಿದ ವೀರಗಲ್ಲುಗಳಲ್ಲಾಗಲಿ ದಾನದ ಕಲ್ಲುಗಳಲ್ಲಾಗಲಿ ಹೀಗೆ ಎರಡು ಕತ್ತಿ ಕತ್ತರಿ ಹಾಕಿ ನಿಂತಿರುವುದು ಕಂಡಿಲ್ಲ. ಕತ್ತಿ ಒಬ್ಬನ ಕೈಯಲ್ಲಿರುತ್ತದೆ, ಇಲ್ಲವೇ ಒಂಟಿಯಾಗಿರುತ್ತದೆ. ಹಾಗಾಗಿ ಈ ಮಾದರಿ ಬೇರೆ ಕಡೆಯಿಂದ ಬಂದಿರಬಹುದು ಅಂತ ನನಗನಿಸುತ್ತದೆ. ಆದರೆ ಸೂರ್ಯ ಚಂದ್ರ ಖಂಡಿತ ನಮ್ಮದೇ.

ತುಂಗೆ ದಂಡೆಯವನು:

ಮೇಷ್ಟ್ರೇ, ಓದಿ ರೋಮಾಂಚನವಾಯಿತು. ವೀರಗಲ್ಲು ಎಷ್ಟು ನೋಡಿದ್ದೇನೆ, ಕೈ ನೋಡಿರಲಿಲ್ಲ. ಚಿಕ್ಕಪ್ಪನಿಗೂ ಓದಿ ಹೇಳಿದೆ. ಹಾಗಾದರೆ ಇದು ಕೆಳದಿಯವರ ಗುರುತಲ್ಲವಾ ಅಂತ ಕೇಳಿದರು.

ಹೊಸನಗರದ ನಾಣ್ಯ ಸಂಗ್ರಹಕಾರ:

ಕೆಳದಿಯ ಗುರುತು ಬೇಕಾದರೆ ಅವರ ನಾಣ್ಯ ನೋಡಿ. 1499ರಿಂದ 1763ರವರೆಗೆ ಆಳಿದ ಮನೆತನ ಅದು. ಅವರ ಚಿನ್ನದ ನಾಣ್ಯ ಇಕ್ಕೇರಿ ವರಹ. ಅದರ ಒಂದು ಕಡೆ ಶಿವ ಪಾರ್ವತಿ ಕೂತಿದ್ದಾರೆ. ಇನ್ನೊಂದು ಕಡೆ ನಾಗರಿ ಅಕ್ಷರದಲ್ಲಿ ಶ್ರೀ ಸದಾಶಿವ ಅಂತ ಇದೆ. ಅಲ್ಲಿ ಕತ್ತರಿ ಕತ್ತಿ ಇಲ್ಲ. ಕೆಳದಿ ದೇವಸ್ಥಾನದ ಚಾವಣಿಯಲ್ಲಿ ಗಂಡಭೇರುಂಡ ಇದೆ. ಆದರೆ ಅದೂ ಅವರೊಬ್ಬರದೇ ಅಲ್ಲ. ವಿಜಯನಗರದ ಅಚ್ಯುತರಾಯನ ನಾಣ್ಯದಲ್ಲಿ ಇತ್ತು, ಆಮೇಲೆ ಮೈಸೂರಿನ ಒಡೆಯರದಾಯಿತು, ಈಗ ನಮ್ಮ ರಾಜ್ಯದ ಲಾಂಛನ. ಅದಕ್ಕೂ ಎಷ್ಟೋ ಮುಂಚೆ, 1047ರಲ್ಲಿ, ಬಳ್ಳಿಗಾವಿಯಲ್ಲಿ ಗಂಡಭೇರುಂಡದ ಕಂಬ ನಿಲ್ಲಿಸಿದ್ದಾರೆ. ಅಲ್ಲಿ ಅದಕ್ಕೆ ಮನುಷ್ಯನ ಮೈ, ಹಕ್ಕಿಯ ಎರಡು ತಲೆ.

ನನಗೆ ಜಾಸ್ತಿ ಇಷ್ಟವಾದ ಸಂಗತಿ ಇನ್ನೊಂದಿದೆ. 1763ರಲ್ಲಿ ಹೈದರಾಲಿ ಕೆಳದಿಯವರ ರಾಜಧಾನಿ ಬಿದನೂರನ್ನು ಹಿಡಿದ. ನಮ್ಮ ಈಗಿನ ನಗರ ಅದೇ. ಊರಿನ ಹೆಸರು ಬದಲಾಯಿತು, ಅರಸು ಬದಲಾಯಿತು. ಆದರೆ ಅವನ ವರಹದ ಮೇಲೆ ಶಿವ ಪಾರ್ವತಿ ಹಾಗೇ ಉಳಿದರು. ಹಿಂದಿನ ಬದಿಯಲ್ಲಿ ಮಾತ್ರ ಪಾರಸಿ ಲಿಪಿಯಲ್ಲಿ ತನ್ನ ಹೆಸರಿನ ಮೊದಲ ಅಕ್ಷರ ಹಾಕಿಸಿದ. ಜನ ಆ ಚಿತ್ರ ನೋಡಿ ನಾಣ್ಯವನ್ನು ನಂಬುತ್ತಿದ್ದರು. ನಂಬಿಕೆ ಇರುವ ಗುರುತನ್ನು ಬುದ್ಧಿ ಇರುವ ಅರಸ ಕೆಡಿಸುವುದಿಲ್ಲ, ಅಲ್ವಾ?

ನಿಮ್ಮ ಹಿರಿಯರು ದಂಡಿನಲ್ಲಿ ಇದ್ದಿರಬಹುದು. ಆದರೆ ಆ ಮಾತಿಗೆ ಈ ಮರ ಒಂದೇ ಸಾಕ್ಷಿ ಆಗುವುದಿಲ್ಲ. ಮನೆಯಲ್ಲಿ ಹಳೆ ಕಡತ, ಕಾಗದ ಇದ್ದರೆ ಕೆಳದಿಯ ವಸ್ತುಸಂಗ್ರಹಾಲಯದವರಿಗೆ ತೋರಿಸಿ.

ಶಿವಮೊಗ್ಗದ ಮಾಜಿ ಸೈನಿಕ:

ಕತ್ತರಿ ಹಾಕಿದ ಕತ್ತಿ ನಮ್ಮ ಸೈನ್ಯದಲ್ಲಿ ಹೆಗಲ ಮೇಲೆಯೇ ಇದೆ. ಆದರೆ ಸರಿಯಾಗಿ ನೋಡಿ, ಅದು ಎರಡು ಕತ್ತಿ ಅಲ್ಲ. ಒಂದು ಕತ್ತಿ, ಒಂದು ಬೇಟನ್, ಅಂದರೆ ಅಧಿಕಾರಿಯ ಗಿಡ್ಡ ಕೋಲು. ಮೇಜರ್ ಜನರಲ್‌ಗೆ ಅದರ ಜೊತೆ ಒಂದು ನಕ್ಷತ್ರ. ಲೆಫ್ಟಿನೆಂಟ್ ಜನರಲ್‌ಗೆ ನಕ್ಷತ್ರದ ಬದಲು ಅಶೋಕ ಸಿಂಹ. ಪೊಲೀಸಿನಲ್ಲೂ ಐಜಿಪಿ, ಡಿಜಿಪಿಗಳಿಗೆ ಹೀಗೇ. ಕತ್ತಿ ಬಲದ ಗುರುತು, ಬೇಟನ್ ಅಧಿಕಾರದ ಗುರುತು ಅಂತ ನಮಗೆ ಹೇಳಿಕೊಟ್ಟಿದ್ದರು. ಎರಡೂ ಒಟ್ಟಿಗಿರಬೇಕು. ಬರೀ ಕತ್ತಿ ಇದ್ದರೆ ಅದು ಸೈನ್ಯವಲ್ಲ.

ಇನ್ನೊಂದು ತಪ್ಪು ತಿಳಿವಳಿಕೆಯನ್ನೂ ಇಲ್ಲೇ ಸರಿಮಾಡುತ್ತೇನೆ. ಸಿಖ್ಖರ ಖಂಡಾ ಗುರುತನ್ನು ಎರಡು ಕತ್ತಿ ಅಂತ ಸುಮಾರು ಜನ ಅಂದುಕೊಂಡಿದ್ದಾರೆ. ನಡುವೆ ಎರಡು ಅಲಗಿನ ನೇರ ಖಡ್ಗ ಇದೆ. ಖಂಡಾ ಅಂದರೆ ಅದೇ. ಸುತ್ತ ಚಕ್ರ. ಹೊರಗೆ ಎರಡು ಕಿರ್ಪಾಣ್. ಆ ಎರಡನ್ನು ಮೀರಿ, ಪೀರಿ ಅನ್ನುತ್ತಾರೆ. ಒಂದು ಲೋಕದ ಅಧಿಕಾರ, ಒಂದು ಧರ್ಮದ ಅಧಿಕಾರ. ಗುರು ಹರಗೋವಿಂದರು ಎರಡು ಕತ್ತಿ ಕಟ್ಟಿಕೊಂಡದ್ದು ಅದಕ್ಕೇ. ನನ್ನ ಜೊತೆಗಿದ್ದ ಒಬ್ಬ ಸರ್ದಾರ ಗೆಳೆಯ ಇದನ್ನು ವಿವರಿಸುವಾಗ ಎದ್ದು ನಿಂತು ಹೇಳಿದ್ದ. ಅಷ್ಟು ಗೌರವ.

ಭದ್ರಾವತಿಯಿಂದ:

ಕತ್ತಿ ಮಾತ್ರ ಅಲ್ಲ, ಸುತ್ತಿಗೆಯೂ ಹೀಗೆ ಹಾಯುತ್ತದೆ. ನಮ್ಮ ತಂದೆ ಕಬ್ಬಿಣದ ಕಾರ್ಖಾನೆಯಲ್ಲಿದ್ದರು. ಕೆಮ್ಮಣ್ಣುಗುಂಡಿಯಿಂದ ಅದಿರು ಬರುತ್ತಿದ್ದ ಕಾಲ. ಗಣಿಯ ನಕ್ಷೆ ಓದುವುದನ್ನು ನನಗೆ ಕಲಿಸಿದವರು ಅವರು. ಎರಡು ಸುತ್ತಿಗೆ ಕತ್ತರಿ ಹಾಕಿದ್ದರೆ ಅಲ್ಲಿ ಗಣಿ ನಡೆಯುತ್ತಿದೆ. ಅದೇ ಗುರುತು ತಲೆಕೆಳಗಾಗಿದ್ದರೆ ಗಣಿ ಮುಚ್ಚಿದೆ. ಯುರೋಪಿನ ಗಣಿ ಕೆಲಸಗಾರರ ಹಳೇ ಗುರುತು ಅದು. ಸರ್ವೆ ನಕ್ಷೆಯಲ್ಲಿ ಎರಡು ಕತ್ತಿ ಹಾಯ್ದು ಪಕ್ಕದಲ್ಲಿ ಇಸವಿ ಇದ್ದರೆ ಅಲ್ಲಿ ಯುದ್ಧ ನಡೆದಿತ್ತು ಅಂತ. ನಕ್ಷೆಯ ಮಟ್ಟಿಗೆ ಅರ್ಥ ಗಟ್ಟಿ, ಯಾಕೆಂದರೆ ಮೂಲೆಯಲ್ಲಿ ಬರೆದಿಟ್ಟಿರುತ್ತಾರೆ. ಬಾಗಿಲ ಮೇಲೆ ಹಾಗೆ ಬರೆದಿಡುವವರು ಯಾರು?

ತೋಟಕ್ಕೆ ತರುವ ಔಷಧಿ ಡಬ್ಬಿಯ ಕೆಂಪು ಗುರುತೂ ಅಂಥದ್ದೇ. ಬುರುಡೆ, ಕೆಳಗೆ ಹಾಯ್ದ ಎರಡು ಎಲುಬು. ಅದನ್ನು ಮಾತ್ರ ಮನೆಯಲ್ಲಿರುವ ಎಲ್ಲರಿಗೂ, ಮಕ್ಕಳಿಗೂ ಹೇಳಿಕೊಡಿ. ಡಬ್ಬಿಯ ಚೀಟಿಯಲ್ಲಿರುವ ತ್ರಿಕೋನದ ಬಣ್ಣ ಕೆಂಪಾದರೆ ವಿಷ ಅತಿ ಜಾಸ್ತಿ, ಆಮೇಲೆ ಹಳದಿ, ನೀಲಿ, ಕೊನೆಗೆ ಹಸಿರು. ಹಸಿರು ಅಂದ ಮಾತ್ರಕ್ಕೆ ಕುಡಿಯುವಂಥದ್ದಲ್ಲ. ನಮ್ಮ ಪಕ್ಕದ ಮನೆಯಲ್ಲಿ ಖಾಲಿ ಡಬ್ಬಿ ತೊಳೆದು ನೀರು ತುಂಬಿಡುತ್ತಿದ್ದರು. ಇದನ್ನು ವಿವರಿಸಿ ಹೇಳಿದ ಮೇಲೆ ಬಿಟ್ಟರು. ಎಳೆದ ವಿಷಯಕ್ಕೆ ಕ್ಷಮಿಸಿ, ಆದರೆ ಹೇಳಲೇಬೇಕು ಅನಿಸಿತು.

ಮೊಹರಂ ಬಗ್ಗೆಯೂ ಒಂದು ಮಾತು. ನಮ್ಮ ಅಜ್ಜಿಯ ಊರಲ್ಲಿ ಅಲಾವಿ ಹಾಕಿ ಪಂಜಾ ಕೂರಿಸುತ್ತಾರೆ. ಲೋಹದ ಅಂಗೈ ಅದು. ಐದು ಬೆರಳು ಅಂದರೆ ಪ್ರವಾದಿ, ಅಲಿ, ಫಾತಿಮಾ, ಹಸನ್, ಹುಸೇನ್. ಊರಿನ ಎಲ್ಲ ಜಾತಿಯವರೂ ಸಕ್ಕರೆ ಓದಿಸುತ್ತಾರೆ. ಕೈ ನೋಡಿ ಅಂತ ಮೇಷ್ಟ್ರು ಬರೆದದ್ದು ಓದಿದಾಗ ನನಗೆ ಮೊದಲು ನೆನಪಾದದ್ದು ಆ ಕೈ.

ಮಡಿಕೇರಿಯಿಂದ ಬಂದ ಸೊಸೆ:

ಕೊಡಗಿನಲ್ಲಿ ಒಡಿಕತ್ತಿ, ಪೀಚೆಕತ್ತಿಗಳನ್ನು ಕತ್ತರಿ ಹಾಕಿ ಗೋಡೆಗೆ ಹಾಕುವುದು ಉಂಟು. ಆದರೆ ನಮಗೆ ಆಯುಧದ ದೊಡ್ಡ ದಿನ ಕೈಲ್‌ಪೊಳ್ದ್. ನಾಟಿ ಶುರುವಾಗುವಾಗ ಕೋವಿ, ಕತ್ತಿಗಳನ್ನು ಕನ್ನಿಕೊಂಬರೆಯಲ್ಲಿ, ಅಂದರೆ ದೇವರ ಕೋಣೆಯಲ್ಲಿ, ಇಡುತ್ತಾರೆ. ನಾಟಿ ಮುಗಿದ ಮೇಲೆ ತೋಕ್ ಪೂ ಅನ್ನುವ ಹೂವು ಸಿಕ್ಕಿಸಿ ಪೂಜೆ ಮಾಡಿ ಹೊರಗೆ ತೆಗೆಯುತ್ತಾರೆ. ಪೈರು ಕಾಯಬೇಕಲ್ಲ, ಹಂದಿ ಬರುತ್ತದೆ. ಗಂಡು ಮಗು ಹುಟ್ಟಿದರೆ ಒಂದು ಗುಂಡು, ಸಾವಾದರೆ ಎರಡು ಗುಂಡು ಹಾರಿಸುವುದು ನಮ್ಮ ಕಡೆಯ ಪದ್ಧತಿ. ಒಂದೇ ಕೋವಿ. ಎಷ್ಟು ಸಲ ಕೂಗಿತು ಅನ್ನುವುದರ ಮೇಲೆ ಅಕ್ಕಪಕ್ಕದವರು ಓಡಿ ಬರುವ ಮುಖವೇ ಬೇರೆ.

ಹೋಮ್‌ಸ್ಟೇ, ಆಗುಂಬೆ ಕಡೆ:

ಒಳ್ಳೆ ಚರ್ಚೆ. ನಾನೂ ನಮ್ಮ ಗೇಟಿಗೆ ಒಂದು ಹಳೇ ಗುರುತು ಹಾಕಿಸಬೇಕು ಅಂತಿದ್ದೇನೆ. ಊರ ಹೊರಗಿನ ಕಲ್ಲೊಂದರಲ್ಲಿ ಕಂಬದಿಂದ ಹೊರಬಂದ ಒಂದು ಕೈ ಇದೆ. ಮೊಣಕೈ ಮಡಚಿ ಮೇಲೆತ್ತಿದೆ, ತೋಳಿನ ತುಂಬ ಬಳೆ. ನೋಡಲು ತುಂಬ ಚೆಂದ. ಆಶೀರ್ವಾದದ ಗುರುತು ಅಂದುಕೊಂಡೆ. ಬಂದವರಿಗೆ ಸ್ವಾಗತ ಹೇಳುವ ಹಾಗಿರುತ್ತದೆ. ಹಾಕಿಸಬಹುದಾ?

ಸಾಗರ ಸೀಮೆಯವಳು:

ದಯವಿಟ್ಟು ಬೇಡ. ಅದು ಮಾಸ್ತಿಕಲ್ಲು. ಗಂಡ ಸತ್ತಾಗ ಬೆಂಕಿಗೆ ಹೋದ ಹೆಣ್ಣಿನ ಕೈ ಅದು. ಬಳೆ ಒಡೆಯದೆ ಹೋದಳು ಅಂತ ತೋರಿಸಲು ಬಳೆ ಕೆತ್ತಿದ್ದಾರೆ. ಕೈಯಲ್ಲಿ ನಿಂಬೆಹಣ್ಣೂ ಇರಬಹುದು, ನೋಡಿ. ಮಹಾಸತಿ ಅಂತ ಪೂಜೆ ಮಾಡುವವರಿದ್ದಾರೆ. ನನ್ನ ಅಜ್ಜಿಯೂ ಹೂವಿಡುತ್ತಿದ್ದರು. ಅದನ್ನು ನಾನು ಹಗುರವಾಗಿ ಕಾಣುವುದಿಲ್ಲ. ಆದರೆ ಆ ಕಲ್ಲಿನ ಮುಂದೆ ನಿಂತಾಗ ಚೆಂದ ಅನ್ನಲು ನನಗೆ ಬಾಯಿ ಬರುವುದಿಲ್ಲ. ವೀರಗಲ್ಲಿನ ಗಂಡಸಿಗೆ ಕಡೇಪಕ್ಷ ಕೈಯಲ್ಲಿ ಕತ್ತಿ ಇತ್ತು. ಅವಳ ಕೈ ಮಾತ್ರ ಉಳಿದಿದೆ, ಮುಖ ಕೂಡ ಇಲ್ಲ.

ಶಿಕಾರಿಪುರದ ಮೇಷ್ಟ್ರು:

ತಾಯಿ, ಸರಿಯಾಗಿ ಹೇಳಿದಿರಿ. ಇದನ್ನು ನಾನು ಮೊದಲ ಬರಹದಲ್ಲೇ ಬರೆಯಬೇಕಿತ್ತು. ಕತ್ತಿಯ ಹಿಂದೆ ಹೋಗಿ ಈ ಕೈಯನ್ನು ಬಿಟ್ಟುಬಿಟ್ಟೆ. ಶಿವಮೊಗ್ಗದ ಶಿವಪ್ಪನಾಯಕ ಅರಮನೆಯ ಆವರಣಕ್ಕೆ ಹೋದವರು ವೀರಗಲ್ಲುಗಳ ಜೊತೆಗೆ ಮಾಸ್ತಿಕಲ್ಲುಗಳ ಮುಂದೆಯೂ ಒಂದು ನಿಮಿಷ ನಿಲ್ಲಿ.

ಹೋಮ್‌ಸ್ಟೇ, ಆಗುಂಬೆ ಕಡೆ:

ಗೊತ್ತಿರಲಿಲ್ಲ, ಮನಸ್ಸಿಗೆ ಕಸಿವಿಸಿಯಾಯಿತು. ಹಾಕಿಸುವುದಿಲ್ಲ. ಅದರ ಬದಲು ಏನು ಹಾಕಿಸಲಿ? ನೀವೇ ಹೇಳಿ.

ಸಾಗರ ಸೀಮೆಯವಳು:

ಕೇಳಿದ್ದಕ್ಕೆ ಸಂತೋಷ. ಹಸೆ ಚಿತ್ತಾರ ಬರೆಸಿ. ನಮ್ಮ ದೀವರ ಹೆಂಗಸರು ಮದುವೆಗೆ ಗೋಡೆಯ ಮೇಲೆ ಬರೆಯುವ ಚಿತ್ತಾರ. ಕೆಮ್ಮಣ್ಣು ಬಳಿದ ಗೋಡೆ, ಅಕ್ಕಿ ಹಿಟ್ಟಿನ ಬಿಳಿ, ಸುಟ್ಟ ಅಕ್ಕಿಯ ಕಪ್ಪು, ಗುರಿಗೆ ಬೀಜದ ಹಳದಿ. ಪುಂಡಿ ನಾರಿನ ಕುಂಚ. ಗೆರೆಯ ಮೇಲೆ ಗೆರೆ ಹಾಯುತ್ತಲೇ ಹೋಗುತ್ತದೆ, ನಡುವೆ ಗಂಡು ಹೆಣ್ಣು ಕೂರುತ್ತಾರೆ. ನೀವೆಲ್ಲ ಹಾಯ್ದ ಗೆರೆ ಅಂದರೆ ಕತ್ತಿ ಅನ್ನುತ್ತಿದ್ದೀರಿ. ನಮ್ಮಲ್ಲಿ ಹಾಯ್ದ ಗೆರೆ ಅಂದರೆ ಹೆಣಿಗೆ, ಎರಡು ಮನೆ ಸೇರುವುದು. ಭೂಮಿ ಹುಣ್ಣಿಮೆಗೆ ಗದ್ದೆಗೆ ಒಯ್ಯುವ ಬುಟ್ಟಿಗೂ ಇದನ್ನೇ ಬರೆಯುತ್ತೇವೆ. ಬಸುರಿ ಪೈರಿಗೆ ಬಯಕೆ ಊಟ ಒಯ್ಯುವ ಬುಟ್ಟಿ ಅದು.

ಒಂದೇ ಕೋರಿಕೆ. ಫೋಟೊ ತೆಗೆದು ಸ್ಟಿಕ್ಕರ್ ಮಾಡಿಸಬೇಡಿ. ಬರೆಯುವ ಹೆಂಗಸರನ್ನು ಕರೆಸಿ, ಕೂಲಿಯಲ್ಲಿ ಚೌಕಾಸಿ ಮಾಡದೆ ಬರೆಸಿ.

ಸೊರಬದ ಕೆತ್ತನೆಯವನು:

ನಾನು ಗುಡಿಗಾರ ಮನೆತನದವನು. ಮರದ ಕೆಲಸ ನಮ್ಮ ಕಸುಬು. ಎಲ್ಲರೂ ಅರ್ಥ ಹೇಳಿದ್ದೀರಿ, ನಾನು ಮರದ ಕಡೆಯಿಂದ ಹೇಳುತ್ತೇನೆ.

ದಾರಂದದ ಮೇಲುಪಟ್ಟಿ ಉದ್ದ ಇರುತ್ತದೆ, ಎತ್ತರ ಇರುವುದಿಲ್ಲ. ಅದರ ನಡುವೆ ಒಂದು ಕತ್ತಿ ನಿಲ್ಲಿಸಲು ಜಾಗ ಸಾಲದು. ಮಲಗಿಸಿದರೆ ಹಿಡಿ ಒಂದು ಕಡೆ, ತುದಿ ಒಂದು ಕಡೆ, ಕಣ್ಣು ಒಂದೇ ಬದಿಗೆ ವಾಲುತ್ತದೆ. ಎರಡನ್ನು ಹಾಯಿಸಿದರೆ ತೂಕ ಸರಿಯಾಗುತ್ತದೆ. ಬಾಗಿಲ ಮೇಲೆ ನಾವು ಜೋಡಿ ಗಿಳಿ, ಜೋಡಿ ನವಿಲು, ಜೋಡಿ ಆನೆ ಕೆತ್ತುವುದೂ ಇದೇ ಕಾರಣಕ್ಕೆ. ಎರಡು ಗಿಳಿ ಎದುರುಬದುರು ಕೂತರೆ ಜಗಳ ಅನ್ನುತ್ತೀರಾ? ದೊಡ್ಡಪ್ಪನಿಗೆ ಇದನ್ನು ಹೇಳಿ.

ಈಗ ಒಂದು ಪ್ರಶ್ನೆ. ಅಲಗು ನೇರ ಇದೆಯಾ, ಬಾಗಿದೆಯಾ? ಹಿಡಿಯ ಮುಂದೆ ಬೆರಳು ಕಾಯುವ ಕಂಬಿ ಇದೆಯಾ?

ತುಂಗೆ ದಂಡೆಯವನು:

ಈಗಷ್ಟೇ ಸ್ಟೂಲ್ ಹತ್ತಿ ನೋಡಿದೆ. ಅಲಗು ಸ್ವಲ್ಪ ಬಾಗಿದೆ. ಕಂಬಿ ಇದೆ, ಬಳೆಯ ಅರ್ಧದ ಹಾಗೆ. ತುದಿ ಎರಡೂ ಮೇಲಕ್ಕೆ. ಹಿಂದೆ ದುಂಡಗೆ ಒಂದು ಗುರಾಣಿಯ ಹಾಗಿದೆ, ಮಸಿಯಲ್ಲಿ ಸರಿಯಾಗಿ ಕಾಣುತ್ತಿಲ್ಲ.

ಸೊರಬದ ಕೆತ್ತನೆಯವನು:

ಗುರಾಣಿಯ ಜೊತೆ ಎರಡು ಕತ್ತಿ. ಅರಮನೆ, ಬಂಗಲೆಗಳ ಗೋಡೆಗೆ ಹಾಕುತ್ತಿದ್ದ ಮಾದರಿ ಅದು. ಪೇಟೆಯಲ್ಲಿ ಎಲ್ಲೋ ನೋಡಿ ಬಂದ ಯಜಮಾನರು ಹೀಗೇ ಮಾಡು ಅಂದಿರಬಹುದು. ನಮ್ಮ ಕಸುಬಿನಲ್ಲಿ ಇದು ದಿನವೂ ಆಗುವಂಥದ್ದು. ಸೂರ್ಯ ಚಂದ್ರ ಹಾಕು ಅಂತ ಯಾರೂ ಹೇಳಬೇಕಾಗಿಲ್ಲ, ಅದು ಕೈಗೆ ತಾನೇ ಬರುತ್ತದೆ.

ತೊಳೆಯುವಾಗ ಸೋಡಾ ಹಾಕಬೇಡಿ. ಉಪ್ಪು ಕಾಗದ ಮುಟ್ಟಿಸಲೇಬೇಡಿ. ಹತ್ತಿ ಬಟ್ಟೆಗೆ ಸ್ವಲ್ಪ ಎಣ್ಣೆ ಹಚ್ಚಿ ಮೆಲ್ಲಗೆ ಒರೆಸಿ. ಸಂದಿಯ ಮಸಿಗೆ ಬಿದಿರಿನ ಕಡ್ಡಿ ಸಾಕು. ಎಲ್ಲಿ ಮಸಿ, ಎಲ್ಲಿ ಅರಿಶಿನ ಕುಂಕುಮ ಅಂತ ನೋಡಿಕೊಂಡು ತೆಗೆಯಿರಿ.

ತೀರ್ಥಹಳ್ಳಿ ಪೇಟೆಯಿಂದ:

ದೊಡ್ಡಪ್ಪನಿಗೆ ಇನ್ನೊಂದು ಮಾತು ನೆನಪಿಸಿ. ನಿಮ್ಮ ತೀರ್ಥಹಳ್ಳಿಯ ಹೆಸರಿನಲ್ಲಿರುವ ತೀರ್ಥವೇ ಆಯುಧ ತೊಳೆದ ನೀರು. ಪರಶುರಾಮ ಕೊಡಲಿಯ ರಕ್ತವನ್ನು ತೊಳೆದದ್ದು ಇಲ್ಲಿ ತುಂಗೆಯಲ್ಲಿ ಅಂತ ಕಥೆ. ಎಳ್ಳಮಾವಾಸ್ಯೆಗೆ ಅಷ್ಟೊಂದು ಜನ ಬಂದು ಮುಳುಗುವುದು ಆ ನೀರಿನಲ್ಲೇ. ಕತ್ತಿಗೆ ಹೆದರುವ ಊರಲ್ಲ ಇದು.

ತುಂಗೆ ದಂಡೆಯವನು:

ಎರಡು ದಿನ ಒರೆಸಿದೆವು. ನಾನು, ಚಿಕ್ಕಪ್ಪ, ಆಚಾರಿ. ಆಮೇಲೆ ದೊಡ್ಡಪ್ಪನೂ ಬಂದು ಕೂತರು. ಕೆತ್ತನೆಯವರು ಹೇಳಿದ ಹಾಗೆ ಕುಂಕುಮ ಎಲ್ಲಿದೆ ಅಂತ ನೋಡಿಕೊಂಡೇ ಒರೆಸಿದೆವು. ಕತ್ತಿಗಳ ಮೇಲೆ ಬರೀ ಹೊಗೆ, ಎಣ್ಣೆ ಜಿಡ್ಡು. ಒಂದು ಚೂರೂ ಕುಂಕುಮ ಇಲ್ಲ. ಗುರಾಣಿ ನಿಜವಾಗಿಯೂ ಇದೆ, ನಡುವೆ ಚಿಕ್ಕ ಹೂವು. ಸೂರ್ಯ ಚಂದ್ರರ ಮೇಲೆ ಮಾತ್ರ ಅರಿಶಿನ ಕುಂಕುಮ ಪದರ ಪದರವಾಗಿ ಗಟ್ಟಿ ಕೂತಿದೆ. ಚಂದ್ರನ ಕೊಂಬೇ ಮುಚ್ಚಿಹೋಗಿತ್ತು.

ನಮ್ಮ ದೊಡ್ಡತ್ತೆಗೆ ಎಂಬತ್ತು ದಾಟಿದೆ. ಫೋನ್ ಮಾಡಿ ಕೇಳಿದೆವು. ಹೊಸ್ತಿಲ ಹುಣ್ಣಿಮೆ ದಿನ ಹೊಸ್ತಿಲು ಪೂಜೆ ಆದ ಮೇಲೆ ಅಜ್ಜಿ ಮಣೆ ಹತ್ತಿ ನಿಂತು ಮೇಲೆ ಎರಡು ಬೊಟ್ಟು ಇಡುತ್ತಿದ್ದರಂತೆ. ಸೂರ್ಯ ಚಂದ್ರ ಇರುವ ತನಕ ಈ ಬಾಗಿಲು ಯಾರಿಗೂ ಮುಚ್ಚದೆ ಇರಲಿ ಅನ್ನುತ್ತಿದ್ದರಂತೆ. ಕತ್ತಿ ಇತ್ತಾ ಅಂತ ಅತ್ತೆ ನಮ್ಮನ್ನೇ ಕೇಳಿದರು.

ಕುಂಕುಮ ತೆಗೆದಿಲ್ಲ, ಹಾಗೇ ಬಿಟ್ಟಿದ್ದೇವೆ. ಮರವನ್ನು ಮತ್ತೆ ಅದೇ ಜಾಗಕ್ಕೆ ಕೂರಿಸುತ್ತೇವೆ. ಹೊಸ ಮರದ ಮಾತನ್ನು ದೊಡ್ಡಪ್ಪ ಮತ್ತೆ ಎತ್ತಲಿಲ್ಲ. ಹೊಸ್ತಿಲ ಹುಣ್ಣಿಮೆಯ ಒಳಗೆ ಬಾಗಿಲು ನಿಲ್ಲಬೇಕು, ಮಣೆ ನಾನು ಹಿಡಿಯುತ್ತೇನೆ ಅಂದರು. ಬಲಗಡೆ ಕತ್ತಿಯ ತುದಿಯನ್ನು ಗೆದ್ದಲು ತಿಂದಿದೆ. ಕೆತ್ತನೆಯವರೇ, ಅದಕ್ಕೆ ಹೊಸ ತುಂಡು ಸೇರಿಸಬೇಕಾ?

ಸೊರಬದ ಕೆತ್ತನೆಯವನು:

ಬೇಡ. ಗೆದ್ದಲಿಗೆ ಔಷಧಿ ಮಾತ್ರ ಹೊಡೆಸಿ. ಹುಣ್ಣಿಮೆಗೆ ಮುಂಚೆ ನಾನೇ ಒಂದು ಸಲ ಬಂದು ನೋಡುತ್ತೇನೆ.